ಶಿರಾದ ಭಾವನಿಗೆ, ಏರ್‌ಪೋರ್ಟ್ ಬೇಕು ಅನ್ನುವ ಎಲ್ಲರಿಗೂ

ಹೋದ ವಾರ ಶಿರಾದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಭಾವ ಶುರು ಮಾಡಿದರು. "ನಮ್ಮ ಕಡೆಗೂ ಒಂದು ಏರ್‌ಪೋರ್ಟ್ ಬರಬೇಕು ಕಣಪ್ಪ. ನಾಲ್ಕು ಕಿಲೋಮೀಟರ್ ರನ್‌ವೇ ಹಾಕಿಬಿಟ್ಟರೆ ಎಂಥಾ ವಿಮಾನ ಬೇಕಾದರೂ ಇಳಿಯುತ್ತೆ, ಅಲ್ವಾ?"

ನಾನು ಚಿಕ್ಕಬಳ್ಳಾಪುರದವನು. ದೇವನಹಳ್ಳಿಯಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ (ನೆಲದಲ್ಲಿ ನಿಂತ ವಿಮಾನ ನೋಡಿಕೊಳ್ಳುವ) ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಆಯಿತು. ಅವತ್ತು ಭಾವನಿಗೆ ಅರ್ಧ ಉತ್ತರ ಕೊಟ್ಟು ಬಸ್ ಹತ್ತಿದೆ. ಉಳಿದರ್ಧ ಇಲ್ಲಿದೆ.

ಮೊದಲು ನಮ್ಮ ದೇವನಹಳ್ಳಿಯನ್ನೇ ನೋಡಿ. 2008ರಲ್ಲಿ ಶುರುವಾದಾಗಲೇ ರನ್‌ವೇ 4,000 ಮೀಟರ್ ಇತ್ತು. ಆದರೂ ಚಳಿಗಾಲದ ಬೆಳಗ್ಗೆ ಮಂಜು ಕವಿದರೆ ಸಾಲುಸಾಲು ವಿಮಾನ ಚೆನ್ನೈ ಕಡೆ ತಿರುಗುತ್ತಿದ್ದವು. ನಾವು ಜಾಕೆಟ್ ಹಾಕಿಕೊಂಡು ವಿಮಾನ ನಿಲ್ಲುವ ಖಾಲಿ ಜಾಗಗಳ ಮುಂದೆ ಸುಮ್ನೆ ನಿಂತಿರುತ್ತಿದ್ದೆವು. 2019ರಲ್ಲಿ ಎರಡನೇ ರನ್‌ವೇ ಬಂತು. ಅದೂ 4,000 ಮೀಟರೇ. ಆದರೆ ಅದಕ್ಕೆ ಕ್ಯಾಟ್ 3 ವ್ಯವಸ್ಥೆ ಕೂಡಿಸಿದರು. ಅಂದರೆ ದಟ್ಟ ಮಂಜಿನಲ್ಲೂ ವಿಮಾನವನ್ನು ರೇಡಿಯೋ ಅಲೆಗಳ ಮೇಲೆ ಕೆಳಗಿಳಿಸುವ ಉಪಕರಣ, ನೆಲದಲ್ಲಿ ಒತ್ತೊತ್ತಾಗಿ ಹೂತ ದೀಪಗಳು. ಉದ್ದ ಒಂದೇ, ಮಂಜೂ ಒಂದೇ. ವ್ಯತ್ಯಾಸ ಮಾಡಿದ್ದು ನೆಲದ ಮೇಲಿನ ಸಾಮಾನು.

ಇನ್ನು ಮೈಸೂರಿನ ಮಂಡಕಳ್ಳಿ. ಅಲ್ಲಿನ ರನ್‌ವೇ ಬರೀ 1,740 ಮೀಟರ್. ಆದರೂ ಎಟಿಆರ್ 72 ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಆರಾಮಾಗಿ ಇಳಿದು ಏರುತ್ತದೆ. ನನಗೆ ಈ ವಿಮಾನದ ಮೇಲೆ ತುಂಬಾ ಪ್ರೀತಿ. ಅದರ ಹಿಂದಿನ ಬಾಗಿಲಲ್ಲೇ ಮೆಟ್ಟಿಲಿದೆ, ನಾವು ಲ್ಯಾಡರ್ ತಳ್ಳಿಕೊಂಡು ಹೋಗುವ ಕೆಲಸವಿಲ್ಲ. ನಿಂತಾಗ ಬಲಗಡೆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ಓಡಿಸಿ ಕರೆಂಟು, ಎಸಿ ಎರಡನ್ನೂ ಪಡೆಯುತ್ತದೆ. ಇದಕ್ಕೆ ನಮ್ಮವರು ಹೋಟೆಲ್ ಮೋಡ್ ಅನ್ನುತ್ತಾರೆ. ಸಣ್ಣ ಊರಿಗೆ ಹೇಳಿ ಮಾಡಿಸಿದ ವಿಮಾನ. ಶಿವಮೊಗ್ಗದ ರನ್‌ವೇ 3,200 ಮೀಟರ್ ಇದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಆಗಸ್ಟ್ 31ಕ್ಕೆ. ಬಂದದ್ದು ಅದೇ ಎಟಿಆರ್.

ಕೆಲವು ವರ್ಷದ ಹಿಂದೆ ನನ್ನನ್ನು ಬೇರೆ ರಾಜ್ಯದ ಒಂದು ಸಣ್ಣ ಏರ್‌ಪೋರ್ಟ್‌ಗೆ ಎರಡು ತಿಂಗಳ ಮಟ್ಟಿಗೆ ಕಳಿಸಿದ್ದರು. ಹೆಸರು ಬೇಡ. ಟರ್ಮಿನಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಬೆಳಗ್ಗೆ ಅಲ್ಲಿನ ಅಗ್ನಿಶಾಮಕ ಗಾಡಿ ಕೆಟ್ಟು ನಿಂತಿತು. ಅಷ್ಟೇ, ಆ ದಿನದ ಜೆಟ್ ರದ್ದಾಯಿತು. ಯಾಕೆ ಅಂದರೆ, ವಿಮಾನದ ಉದ್ದ ಅಗಲ ನೋಡಿ ಬೆಂಕಿ ಆರಿಸುವ ವ್ಯವಸ್ಥೆಗೆ ದರ್ಜೆ ಕೊಡುತ್ತಾರೆ. ಎಟಿಆರ್ 72ಕ್ಕೆ 5, ಎ320 ಜೆಟ್‌ಗೆ 6. ಒಂದು ಗಾಡಿ ಕೆಟ್ಟರೆ ನೀರು ಕಡಿಮೆ, ಫೋಮ್ ಕಡಿಮೆ, ದರ್ಜೆ ಇಳಿಯುತ್ತದೆ. ದೊಡ್ಡ ವಿಮಾನ ಬರುವ ಹಾಗಿಲ್ಲ. ಗಾಡಿಗಳು ರನ್‌ವೇಯ ಯಾವ ತುದಿಗಾದರೂ 3 ನಿಮಿಷದೊಳಗೆ ತಲುಪಬೇಕು ಅನ್ನುವ ನಿಯಮ ಬೇರೆ ಇದೆ. ಭಾವ, ರನ್‌ವೇ ಉದ್ದ ಆದಷ್ಟೂ ಆ ಗಾಡಿ ಓಡಬೇಕಾದ ದೂರವೂ ಜಾಸ್ತಿ ಆಗುತ್ತೆ, ಅಲ್ವಾ?

ಅಲ್ಲೇ ಇನ್ನೊಂದು ದಿನ ನಡೆಯಲಾಗದ ಒಬ್ಬ ಅಜ್ಜಿ ಬಂದಿದ್ದರು. ಗಾಲಿಕುರ್ಚಿಯನ್ನು ವಿಮಾನದ ಬಾಗಿಲ ಮಟ್ಟಕ್ಕೆ ಎತ್ತುವ ಆಂಬುಲಿಫ್ಟ್ ಅಲ್ಲಿರಲಿಲ್ಲ. ನಾಲ್ಕು ಜನ ಕುರ್ಚಿ ಸಮೇತ ಹೊತ್ತು ಕಡಿದಾದ ಮೆಟ್ಟಿಲಲ್ಲಿ ಇಳಿಸಿದೆವು. ಅಜ್ಜಿ ಕಣ್ಣು ಮುಚ್ಚಿಕೊಂಡು, ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಮಳೆ ಬೇರೆ ಹನಿಯುತ್ತಿತ್ತು. ನನ್ನ ಕಾಲು ಜಾರಿದ್ದರೆ? ಇವತ್ತಿಗೂ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಆ ಹೊಳೆಯುವ ಟರ್ಮಿನಲ್ ಕಟ್ಟಿದವರಿಗೆ ಒಂದು ಆಂಬುಲಿಫ್ಟ್ ಬೇಕು ಅಂತ ಯಾಕೆ ಅನ್ನಿಸಲಿಲ್ಲ?

ಇಂಧನದ್ದೂ ಇದೇ ಕಥೆ. ತುಂಬಿಸುವ ಟ್ಯಾಂಕರ್ ಗಾಡಿ (ಬೌಸರ್) ಇಲ್ಲದ ಕಡೆ ವಿಮಾನ ವಾಪಸ್ ಹೋಗಲು ಬೇಕಾದ ಇಂಧನವನ್ನೂ ಹೊತ್ತು ತರಬೇಕು. ಆ ತೂಕಕ್ಕೆ ಕೆಲವು ಸೀಟು, ಬ್ಯಾಗು ಬಿಟ್ಟು ಬರಬೇಕಾಗಬಹುದು. ಆಮೇಲೆ ವಿಮಾನಕ್ಕೆ ಬಡಿಯುವ ಹಕ್ಕಿ. ಸುತ್ತ ಕಸ, ಮಾಂಸದ ತ್ಯಾಜ್ಯ ಸುರಿದರೆ ಹದ್ದು ಬರುತ್ತವೆ. ಅದನ್ನು ತಡೆಯೋದು ಊರವರ ಕೈಲೂ ಇದೆ.

ತುಮಕೂರು ಜಿಲ್ಲೆಯವರ ಆಸೆ ತಪ್ಪಲ್ಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಸುತ್ತಿಕೊಂಡು ಮಧ್ಯರಾತ್ರಿ ದೇವನಹಳ್ಳಿಗೆ ಬರುವ ನಿಮ್ಮವರನ್ನು ನಾನು ದಿನಾ ನೋಡುತ್ತೇನೆ. ಬೆಂಗಳೂರು ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ 2033ರವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ದೊಡ್ಡ ನಿಲ್ದಾಣ ಬರುವುದು ಕಷ್ಟ. ಶಿರಾ ಆ ವೃತ್ತದ ಒಳಗೇ ಇದೆ. ಹಾಗಾಗಿ ಕೇಳುವುದನ್ನು ಸರಿಯಾಗಿ ಕೇಳಲು ಇನ್ನೂ ಸಮಯವಿದೆ.

ಕಡಲೆಕಾಯಿ ಹೊಲ ಬಿಟ್ಟುಕೊಡುವವರು ನಿಮ್ಮ ಊರಿನವರು ಭಾವ. ಮುಂದಿನ ಸಭೆಗೆ ಹೋಗುವಾಗ ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ರಾತ್ರಿ ಇಳಿಯಬಹುದಾ? ಐಎಲ್‌ಎಸ್, ಅಂದರೆ ರೇಡಿಯೋ ಅಲೆಗಳಿಂದ ಇಳಿಯುವ ದಾರಿ ತೋರಿಸುವ ಉಪಕರಣ, ಮೊದಲ ದಿನವೇ ಇರುತ್ತದಾ? ಅಗ್ನಿಶಾಮಕ ಗಾಡಿ ಎಷ್ಟು, ಒಂದು ಕೆಟ್ಟರೆ ಇನ್ನೊಂದು ಇದೆಯಾ? ಇಂಧನ ಎಲ್ಲಿಂದ? ಆಂಬುಲಿಫ್ಟ್ ಇದೆಯಾ? ಸಭೆ ಯಾವತ್ತು ಅಂತ ಅಕ್ಕನ ಕೈಲಿ ಹೇಳಿಸಿ, ರಜೆ ಹಾಕಿ ನಾನೂ ಬರುತ್ತೇನೆ.