ಬ್ರೇಕಿಗೆ ಬಣ್ಣ ಹಚ್ಚೋದನ್ನ ಶುರುಮಾಡಿದ್ದು ಹಾಟ್ ರಾಡ್ ಹುಡುಗರೇ?

ಪರ: ಮಡ್‌ಗಾರ್ಡ್ ಬಿಚ್ಚಿದವರೇ ಬಣ್ಣ ಹಚ್ಚಿದವರು

ಹಾಟ್ ರಾಡ್ ಅಂದರೆ ವೇಗಕ್ಕಾಗಿ ಬಿಚ್ಚಿ ಮಾರ್ಪಡಿಸಿದ ಹಳೇ ಕಾರು. 1932ರ ಫೋರ್ಡ್ ಹಾಟ್ ರಾಡ್ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಉತ್ತರ ಅಲ್ಲೇ ಸಿಗುತ್ತದೆ. ನಾನು ಕೂತಿದ್ದೇನೆ. ಕೆಲಸದ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಪ್ಲೆಸೆಂಟನ್ ಊರಿನ ಮೈದಾನದಲ್ಲಿ ಹಳೇ ಕಾರುಗಳ ಮೇಳಕ್ಕೆ ಹೋಗಿದ್ದೆ. ಎಲ್ಲರೂ ಎಂಜಿನ್ ನೋಡುತ್ತಿದ್ದರೆ ನಾನು ಮುಂದಿನ ಚಕ್ರದ ಹತ್ತಿರ ಕೂತುಬಿಟ್ಟೆ. ಮಡ್‌ಗಾರ್ಡೇ ಇಲ್ಲ. ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್, ಅದರ ಹಿಂದಿನ ಪ್ಲೇಟ್, ಬ್ರೇಕ್ ಪೈಪು, ಎಲ್ಲ ಕಣ್ಣೆದುರಿಗೇ. ಡ್ರಮ್ ಅಲ್ಯುಮಿನಿಯಂದು, ಸುತ್ತ ಫಿನ್‌ಗಳು, ಅಂದರೆ ಎದ್ದು ನಿಂತ ತೆಳು ಪಟ್ಟಿಗಳು. ಫಿನ್‌ಗಳ ಅಂಚು ಕನ್ನಡಿ ಥರ ಹೊಳೆಯುತ್ತಿತ್ತು, ನಡುವಿನ ಸಂದಿಗಳಿಗೆ ಕೆಂಪು ಬಣ್ಣ. ಅದೂ ಸಣ್ಣ ಬ್ರಷ್‌ನಲ್ಲಿ ಕೈಯಲ್ಲೇ ಹಚ್ಚಿದ್ದು. ಒಂದು ಸಂದಿಯಲ್ಲಿ ಬ್ರಷ್ಷಿನ ಕೂದಲು ಅಂಟಿಕೊಂಡು ಒಣಗಿತ್ತು. ಮಾಲೀಕ ಎಪ್ಪತ್ತು ದಾಟಿದ ಅಜ್ಜ. ಯಾಕೆ ಹಚ್ಚಿದಿರಿ ಅಂತ ಕೇಳಿದೆ. ಎದುರಿಗೇ ಕಾಣೋದನ್ನ ಹಾಗೇ ಬಿಡೋಕಾಗುತ್ತಾ ಅಂದ.

ವಿಷಯ ಅಷ್ಟೇ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಇವರದ್ದೇ ಸಂಘ ಆಯಿತು. ತೂಕ ಇಳಿಸೋಕೆ ಮೊದಲು ಬಿಚ್ಚಿ ಎಸೆದದ್ದು ಮಡ್‌ಗಾರ್ಡ್. ಅದು ಹೋದ ಕೂಡಲೇ ಬ್ರೇಕ್ ಬಯಲಾಯಿತು. ಅವತ್ತಿನವರೆಗೂ ಬ್ರೇಕಿನ ಮುಖ ನೋಡಿದ್ದು ಮೆಕ್ಯಾನಿಕ್ ಮಾತ್ರ. ಈಗ ಬೀದಿಗೆಲ್ಲ ಕಾಣುತ್ತದೆ, ತುಕ್ಕು ಸಮೇತ.

ಇನ್ನೊಂದು ಮಾತಿದೆ. ಫೋರ್ಡ್ ಕಂಪನಿ 1938ರವರೆಗೂ ಕಂಬಿ ಎಳೆದು ಹಿಡಿಯುವ ಬ್ರೇಕನ್ನೇ ಕೊಡುತ್ತಿತ್ತು. ಹೈಡ್ರಾಲಿಕ್ ಬಂದಿದ್ದು 1939ರ ಮಾಡೆಲ್‌ಗೆ. ಹಾಗಾಗಿ ಹುಡುಗರು ಗುಜರಿ ಅಂಗಡಿ ಸುತ್ತಿ, ಹೊಸ ಫೋರ್ಡಿನದ್ದೋ ಲಿಂಕನ್‌ದೋ ಬ್ರೇಕ್ ಕಿತ್ತು ತಂದು ತಮ್ಮ ಹಳೇ ಕಾರಿಗೆ ಕೂರಿಸುತ್ತಿದ್ದರು. ಅಷ್ಟು ಒದ್ದಾಡಿ ಹಾಕಿದ ಬ್ರೇಕನ್ನ ತೋರಿಸದೇ ಇರ್ತಾರಾ? ನಮ್ಮ ಲಾರಿಯವರು ಆಯುಧಪೂಜೆಗೆ ಚಕ್ರದ ಹಬ್‌ಗೆ ಬಣ್ಣ ಹಚ್ಚಲ್ವಾ, ಅದೇ ಪ್ರೀತಿ.

1950ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಮೊದಲ ರೋಡ್‌ಸ್ಟರ್ (ಮೇಲ್ಛಾವಣಿ ಇಲ್ಲದ ಕಾರು) ಶೋ ನಡೆಯಿತು. ಬಿಲ್ ನೀಕ್ಯಾಂಪ್ ಕಟ್ಟಿದ 1929ರ ರೋಡ್‌ಸ್ಟರ್‌ಗೆ ದೊಡ್ಡ ಟ್ರೋಫಿ. ಟ್ರೋಫಿ ಅಂತ ಬಂದ ಮೇಲೆ ಮರ್ಯಾದೆ ಪ್ರಶ್ನೆ. ಇಂಥ ಶೋಗಳಲ್ಲಿ ಕಾರಿನ ಕೆಳಗೆ ನೆಲದ ಮೇಲೆ ಕನ್ನಡಿ ಇಡೋ ಪದ್ಧತಿ ಬಂತು, ಅಡಿಭಾಗವೂ ಮಿಂಚುತ್ತೆ ಅಂತ ತೋರಿಸೋಕೆ. ಆ ದಶಕದ ಕೊನೆಗೆ ಬ್ಯೂಕ್ ಕಂಪನಿ ಫಿನ್ ಇರುವ ಅಲ್ಯುಮಿನಿಯಂ ಡ್ರಮ್ ತಂದಿತು. ಫಿನ್ ಇದ್ದದ್ದು ಬಿಸಿ ಆರಲಿ ಅಂತ. ಹುಡುಗರಿಗೆ ಬಿಸಿ ಆರುವುದರ ಜೊತೆಗೆ ಅಂದವೂ ಸಿಕ್ಕಿತು. ಇವತ್ತಿಗೂ ಅದನ್ನ ಹುಡುಕಿಕೊಂಡು ಹೋಗುತ್ತಾರೆ.

ಬ್ರೇಕಿಗೆ ಬಣ್ಣ ತಂದದ್ದು ಪೋರ್ಷೆ, ಫೆರಾರಿ ಅಂತ ಕಥೆ ಹೇಳುವವರೂ ಇದ್ದಾರೆ. ಅವರ ಪ್ರಕಾರ ಟೈ ಕಟ್ಟಿದ ಎಂಜಿನಿಯರ್ ಒಬ್ಬ ಒಂದು ಬೆಳಿಗ್ಗೆ ಎದ್ದು ಕೆಂಪು ಡಬ್ಬಿ ತೆರೆದ, ಲೋಕವೆಲ್ಲ ಹಿಂದೆ ಓಡಿತು. ಆಗಿದ್ದು ಡ್ರಮ್, ಈಗಿರೋದು ಡಿಸ್ಕನ್ನ ಇಕ್ಕಳದ ಹಾಗೆ ಹಿಡಿಯೋ ಕ್ಯಾಲಿಪರ್ ಅಂತ ಕೊಂಕು ಬೇರೆ. ಡ್ರಮ್ಮೋ ಕ್ಯಾಲಿಪರ್ರೋ, ಬ್ರೇಕ್ ಬ್ರೇಕೇ. ಮಡ್‌ಗಾರ್ಡ್ ಬಿಚ್ಚಿದವರೇ ಬಣ್ಣ ಹಚ್ಚಿದವರು.

ವಿರೋಧ: ಕೆಂಪು ಬಂದದ್ದು ಕಾರ್ಖಾನೆಯಿಂದ

ಈ ಕಡೆಗೆ ಬರೆಯೋರು ಬೇರೆ ಯಾರೂ ಇಲ್ಲ, ನೀವೇ ಬರೀರಿ ಅಂದರು. ಮೇಲಿನವರ ಮಾತು ಅರ್ಧ ನನಗೂ ಒಪ್ಪಿಗೆಯೇ. ಆದರೂ ಹೇಳಬೇಕಾದ್ದನ್ನ ಹೇಳ್ತೀನಿ.

ಹಾಟ್ ರಾಡ್ ಹುಡುಗರು ಆಕ್ಸಲ್, ರಿಮ್, ಎಂಜಿನ್, ಕೈಗೆ ಸಿಕ್ಕಿದ್ದಕ್ಕೆಲ್ಲ ಬಣ್ಣ ಹಚ್ಚಿದರು, ಕ್ರೋಮ್ ಹಾಕಿಸಿದರು. ಮದುವೆ ಮನೆಗೆ ಸುಣ್ಣ ಬಳಿಯುವಾಗ ಬಚ್ಚಲಿಗೂ ಬಳಿದ ಹಾಗೆ. ಬ್ರೇಕಿಗೆ ಅಂತಲೇ ಒಂದು ಬಣ್ಣ, ಆ ಬಣ್ಣಕ್ಕೊಂದು ಅರ್ಥ ಅಂತ ಬಂದದ್ದು ಡಿಸ್ಕ್ ಬ್ರೇಕ್ ಕಾಲದಲ್ಲಿ. 1953ರಲ್ಲಿ ಜಾಗ್ವಾರ್ ಸಿ-ಟೈಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದಿತು. ಇಟಲಿಯ ಬೆರ್ಗಾಮೋ ಹತ್ತಿರ 1961ರಲ್ಲಿ ಶುರುವಾದ ಬ್ರೇಕ್ ಕಂಪನಿ ಬ್ರೆಂಬೋ, 1975ರಿಂದ ಫೆರಾರಿಯ ಫಾರ್ಮುಲಾ ಒನ್ ಕಾರಿಗೆ ಬ್ರೇಕ್ ಕೊಟ್ಟಿತು. 1995ರ ಪೋರ್ಷೆ 911 ಟರ್ಬೋಗೆ ಕೆಂಪು ಕ್ಯಾಲಿಪರ್. ಆಮೇಲೆ ಪೋರ್ಷೆಯಲ್ಲೇ ಸೆರಾಮಿಕ್ ಡಿಸ್ಕ್ ಇದ್ದರೆ ಹಳದಿ, ಹೈಬ್ರಿಡ್ ಆದರೆ ಎದ್ದುಕಾಣುವ ಹಸಿರು, ಡಿಸ್ಕ್ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ ಇದ್ದರೆ ಬಿಳಿ. ರೇಸಿನಲ್ಲಿ ಡಿಸ್ಕ್ ಅಂಚಿಗೆ ಹಚ್ಚುವ ಬಣ್ಣಗಳೂ ಇವೆ. ಹಸಿರು ಸುಮಾರು 430 ಡಿಗ್ರಿಗೆ ಬದಲಾಗುತ್ತದೆ, ಕೆಂಪು 610ಕ್ಕೆ. ಬ್ರೇಕ್ ಎಷ್ಟು ಕಾದಿತ್ತು ಅಂತ ನೋಡಿದರೆ ಗೊತ್ತಾಗುತ್ತದೆ. ಅಂದಕ್ಕಲ್ಲ.

ಇನ್ನು ನನ್ನ ಮನೆಯ ಸಾಕ್ಷಿ. ನನ್ನ ತಮ್ಮನಿಗೆ ಹಾಟ್ ರಾಡ್ ಅಂದರೆ ಏನಂತಲೇ ಗೊತ್ತಿಲ್ಲ. ಅವನು ನೋಡಿದ್ದು ಮೊಬೈಲಿನಲ್ಲಿ ಒಂದು ಪೋರ್ಷೆ ಫೋಟೋ. ಮಾರನೇ ದಿನ ಜೆ.ಸಿ. ರೋಡಿಗೆ ಹೋಗಿ ಕೆಂಪು ಸ್ಪ್ರೇ ಡಬ್ಬಿ ತಂದ. "ಅಕ್ಕಾ, ಅರ್ಧ ಗಂಟೆ ಕೆಲಸ" ಅಂದ. ಕಾರು ನನ್ನದು. ಚಕ್ರ ಬಿಚ್ಚಿದ, ತಂತಿ ಬ್ರಷ್ ಇರಲಿಲ್ಲ ಅಂತ ಅಡುಗೆಮನೆ ಸ್ಕ್ರಬ್ಬರ್‌ನಲ್ಲಿ ತುಕ್ಕು ಉಜ್ಜಿದ, ಡಿಸ್ಕ್ ಮೇಲೆ ಹಳೇ ಪೇಪರ್ ಮುಚ್ಚಿದ. ಗಾಳಿಗೆ ಪೇಪರ್ ಎದ್ದಿತು. ಡಿಸ್ಕು, ಪ್ಯಾಡು, ಕ್ಯಾಲಿಪರ್ ಹಿಂದೆ ಮುಂದೆ ಆಡಬೇಕಾದ ಪಿನ್ನು, ನನ್ನ ಕಾಂಪೌಂಡ್ ಗೋಡೆ, ಎಲ್ಲ ಕೆಂಪು.

ಎರಡು ದಿನ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮೂರನೇ ದಿನ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯೋಕೆ ಶುರು. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ. ಇಳಿದು ಕೈ ಹತ್ತಿರ ತಂದರೆ ಎಡಗಡೆ ಚಕ್ರ ದೋಸೆ ಕಲ್ಲು. ಪಿನ್ ಬಣ್ಣಕ್ಕೆ ಹಿಡಿದುಕೊಂಡು, ಪ್ಯಾಡ್ ಡಿಸ್ಕನ್ನು ಬಿಡುತ್ತಲೇ ಇರಲಿಲ್ಲವಂತೆ. ಮೆಕ್ಯಾನಿಕ್ ಚಕ್ರ ಬಿಚ್ಚಿ ಒಂದು ನಿಮಿಷ ಸುಮ್ನೆ ನೋಡಿದ. "ಅಕ್ಕಾ, ಬ್ರೇಕ್‌ಗೆ ಓಕುಳಿ ಆಡ್ಸಿದೀರಾ?" ಅಂದ. ಪಿನ್ ಹೊಸದು, ಪ್ಯಾಡ್ ಹೊಸದು, 3,800 ರೂಪಾಯಿ. ತಮ್ಮ ಅವತ್ತು ಫೋನ್ ತೆಗೆಯಲಿಲ್ಲ.

ಮುಂದಿನ ಕ್ಯಾಲಿಪರ್ ಬಣ್ಣವನ್ನೆಲ್ಲ ಥಿನ್ನರ್ ಹಾಕಿ ಉಜ್ಜಿಸಿದೆ. ಹಿಂದಿನವು ಡ್ರಮ್, ಹೊರಗಡೆ ಮಾತ್ರ ಬಣ್ಣ ಕೂತಿತ್ತು, ಅದರಿಂದ ತೊಂದರೆ ಇಲ್ಲ ಅಂದರು, ಬಿಟ್ಟೆ. ಡ್ರಮ್‌ಗೆ ಬಣ್ಣ ಹಚ್ಚಿದರೆ ಏನೂ ಆಗಲ್ಲ ಅನ್ನೋದು ಮೇಲಿನವರ ಪರವಾಗಿ ಹೋಗುತ್ತೇನೋ, ಹೋಗಲಿ. ಸರ್ವಿಸಿಗೆ ಬಿಟ್ಟಾಗಲೆಲ್ಲ ಅಲ್ಲಿನ ಹುಡುಗರು ಹಿಂದಿನ ಚಕ್ರ ನೋಡಿ "ಮೇಡಂ, ಬ್ರೆಂಬೋನಾ?" ಅಂತ ಕೇಳಿ ನಗುತ್ತಾರೆ.