ಮುನ್ಯೋಸ್‌ನನ್ನು ಯಾವ ಹಬ್ಬಕ್ಕೆ ಎತ್ತಿಟ್ಟಿದ್ದಿರಿ ಸ್ವಾಮಿ?

ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್‌ನ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಡ್ಯಾನ್ ವಿಲ್ಸನ್ ಅವರನ್ನು ಕರೆಸಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸನ್ಮಾನ ಮಾಡಬೇಕು. ಮೈಸೂರು ಪೇಟ ಉಳಿದಿದ್ದರೆ ಅದನ್ನೂ ತೊಡಿಸಿ. 2025ರ ಅಕ್ಟೋಬರ್ 20ರ ರಾತ್ರಿ ಟೊರಾಂಟೊದಲ್ಲಿ ಅವರು ತೋರಿಸಿದ ಮಿತವ್ಯಯ ಯಾವ ಹಣಕಾಸು ಮಂತ್ರಿಗೂ ಬಂದಿಲ್ಲ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಟೊರಾಂಟೊ ಬ್ಲೂ ಜೇಸ್ ವಿರುದ್ಧದ ಅಮೆರಿಕನ್ ಲೀಗ್ ಫೈನಲ್‌ನ ಏಳನೇ, ಅಂದರೆ ಕೊನೇ ಪಂದ್ಯ. ಒಂಬತ್ತರಲ್ಲಿ ಏಳನೇ ಇನ್ನಿಂಗ್ಸ್. ಸಿಯಾಟಲ್ 3-1 ರನ್‌ನಿಂದ ಮುಂದಿದೆ. ಇನ್ನು ಎಂಟು ಔಟ್ ಆದರೆ ವರ್ಲ್ಡ್ ಸೀರೀಸ್, ಅಂದರೆ ಇಡೀ ವರ್ಷದ ಫೈನಲ್. 1977ರಿಂದ ಆಡುತ್ತಿರುವ ತಂಡ, ಒಂದು ಸಲವೂ ಅದರ ಮುಖ ಕಂಡಿಲ್ಲ. ರನ್ನಿಗೆ ಕಾದು ಬೇಸ್ ಮೇಲೆ ಟೊರಾಂಟೊದ ಇಬ್ಬರು, ಬ್ಯಾಟ್ ಹಿಡಿದು ಎದುರಿಗೆ ಜಾರ್ಜ್ ಸ್ಪ್ರಿಂಗರ್. ಆಂಡ್ರೆಸ್ ಮುನ್ಯೋಸ್, ಅಂದರೆ ತಂಡದ ಅತಿ ಒಳ್ಳೆಯ ರಿಲೀವರ್ (ಪಂದ್ಯದ ಮಧ್ಯೆ ಬದಲಿಯಾಗಿ ಚೆಂಡೆಸೆಯೋಕೆ ಬರೋ ಪಿಚರ್), ಬುಲ್‌ಪೆನ್‌ನಲ್ಲಿ, ಅಂದರೆ ರಿಲೀವರ್‌ಗಳು ಕಾಯುವ ಜಾಗದಲ್ಲಿ, ಇದ್ದಾನೆ. ವಿಲ್ಸನ್ ಕರೆದದ್ದು ಎಡ್ವರ್ಡ್ ಬಜಾರ್ಡೊನನ್ನು. ಎರಡನೇ ಎಸೆತಕ್ಕೇ ಚೆಂಡು ಜನರ ಮಧ್ಯೆ ಹೋಗಿ ಬಿತ್ತು, ಹೋಮ್ ರನ್. ಮೂರು ರನ್, 4-3, ಮನೆಗೆ ದಾರಿ. ಮುನ್ಯೋಸ್ ಅವತ್ತು ಒಂದು ಚೆಂಡೂ ಎಸೆಯಲಿಲ್ಲ.

ಅವತ್ತು ನರಕ ಚತುರ್ದಶಿ ಬೇರೆ. ಸಿಯಾಟಲ್ ಸುತ್ತಮುತ್ತಲಿನ ನಮ್ಮ ಸಾಫ್ಟ್‌ವೇರ್ ಕನ್ನಡಿಗರಿಗೆ ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ನರಕ.

ಮ್ಯಾನೇಜರ್‌ಗಳ ಶಾಸ್ತ್ರದ ಪ್ರಕಾರ ಕ್ಲೋಸರ್, ಅಂದರೆ ಮುನ್ಯೋಸ್‌ನಂಥ ಪಂದ್ಯ ಮುಗಿಸಿಕೊಡೋ ರಿಲೀವರ್ ಅನ್ನೋನು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬರಬೇಕು. ಬಂದು ತಂಡದ ಮುನ್ನಡೆ ಕಾಪಾಡಿ ‘ಸೇವ್’ ತಗೋಬೇಕು. ಈ ಸೇವ್ 1969ರಲ್ಲಿ ಅಧಿಕೃತ ಆದ ಬರೀ ಒಂದು ಲೆಕ್ಕ. ಪಂದ್ಯ ಮುಗಿದ ಮೇಲೆ ಪುಸ್ತಕದಲ್ಲಿ ಬರೆದಿಡೋಕೆ ಅಂತ ಮಾಡಿದ್ದು. ಈಗ ಆ ಕಾಲಮ್ ತುಂಬಿಸೋಕೆ ಅಂತಲೇ ಪಂದ್ಯ ಆಡಿಸುತ್ತಾರೆ. ಮದುವೆಗೆ ಉಡೋಣ ಅಂತ ರೇಷ್ಮೆ ಸೀರೆ ಎತ್ತಿಟ್ಟು, ಬೀರುವಿನಲ್ಲೇ ಮಡಿಕೆ ಮಡಿಕೆಗೂ ಹರಿಯೋ ತನಕ ಕಾಯೋರನ್ನು ಕಂಡಿದ್ದೀರಲ್ಲ, ಅದೇ ಜಾತಿ.

ಇದರಲ್ಲಿ ವಿಲ್ಸನ್ ಅವರದು ಹೊಸ ಸಾಧನೆಯೇನೂ ಅಲ್ಲ. 2016ರಲ್ಲಿ, ಅದೇ ಟೊರಾಂಟೊ, ಅದೇ ಮೈದಾನ, ಬಾಲ್ಟಿಮೋರ್ ತಂಡದ ಮ್ಯಾನೇಜರ್ ಬಕ್ ಶೋವಾಲ್ಟರ್ ದಾರಿ ತೋರಿಸಿಕೊಟ್ಟಿದ್ದರು. ಅವರ ಕ್ಲೋಸರ್ ಝ್ಯಾಕ್ ಬ್ರಿಟನ್ ಆ ವರ್ಷ 47 ಸಲ ಸೇವ್‌ಗೆ ಬಂದು 47 ಸಲವೂ ಗೆಲ್ಲಿಸಿದ್ದ. ಸೋತರೆ ಸೀಸನ್ನೇ ಮುಗಿಯುವ ಪಂದ್ಯ 11ನೇ ಇನ್ನಿಂಗ್ಸ್‌ವರೆಗೆ ಎಳೆಯಿತು. ಬ್ರಿಟನ್ ಬರಲಿಲ್ಲ. ಯಾಕೆ? ತಂಡ ಇನ್ನೂ ಮುಂದಿರಲಿಲ್ಲವಲ್ಲ, ಮುಂದೆ ಹೋದ ಮೇಲೆ ತಾನೇ ಸೇವ್! ಉಬಾಲ್ಡೊ ಹಿಮೆನೆಸ್ ಬಂದ, ಟೊರಾಂಟೊದ ಎಡ್ವಿನ್ ಎನ್‌ಕಾರ್ನಾಸಿಯೋನ್ ಹೋಮ್ ರನ್ ಹೊಡೆದ, ಮುಗೀತು. ಬ್ರಿಟನ್ ತೋಳು ಮಾತ್ರ ಒಂಚೂರೂ ಸವೆಯದೆ ವಾಪಸ್ ಬಂತು.

ಮ್ಯಾನೇಜರ್ ಅನ್ನೋ ಪ್ರಾಣಿಯೇ ಒಂದು ವಿಚಿತ್ರ. ಬೇರೆ ಆಟಗಳಲ್ಲಿ ಕೋಚ್ ಅಂದರೆ ಸೂಟು, ಇಲ್ಲಾ ಟ್ರ್ಯಾಕ್ ಪ್ಯಾಂಟು. ಬೇಸ್‌ಬಾಲ್‌ನಲ್ಲಿ ಮಾತ್ರ ಅರವತ್ತು ದಾಟಿದವರೂ ಆಟಗಾರರ ಯೂನಿಫಾರ್ಮನ್ನೇ ತೊಟ್ಟು, ಹೊಟ್ಟೆ ಮೇಲೆ ಬೆಲ್ಟ್ ಬಿಗಿದು ಕೂರುತ್ತಾರೆ. ಯಾವ ಕ್ಷಣದಲ್ಲಾದರೂ ಬ್ಯಾಟಿಂಗಿಗೆ ಕರೆಯಬಹುದು ಅನ್ನೋ ಹಾಗೆ. ಪಿಚರ್ ಬದಲಿಸಬೇಕಾದಾಗ ಮೈದಾನದ ಮಧ್ಯಕ್ಕೆ ನಿಧಾನಕ್ಕೆ ನಡೆದು ಹೋಗಿ ಕೈ ಚಾಚುತ್ತಾರೆ. ಪಿಚರ್ ಚೆಂಡು ಕೊಡಬೇಕು. ಕೊಟ್ಟರೆ ಮುಗೀತು, ಕ್ರಿಕೆಟ್ ಬೌಲರ್ ಥರ ಎರಡನೇ ಸ್ಪೆಲ್ಲಿಗೆ ಬರೋ ಹಾಗಿಲ್ಲ.

ಬುಲ್‌ಪೆನ್‌ಗೆ ಆರ್ಡರ್ ಹೋಗೋದು ಫೋನಿನಲ್ಲಿ. ಗೋಡೆಗೆ ಹಾಕಿದ ಫೋನು. 2011ರ ವರ್ಲ್ಡ್ ಸೀರೀಸ್ ಐದನೇ ಪಂದ್ಯದಲ್ಲಿ ಸೇಂಟ್ ಲೂಯಿಸ್‌ನ ಟೋನಿ ಲಾ ರುಸ್ಸಾ, ಜೇಸನ್ ಮಾಟ್ ತಯಾರಾಗಲಿ ಅಂತ ಹೇಳಿದರೆ ಆ ಕಡೆ ಕೋಚ್‌ಗೆ ಕೇಳಿಸಲೇ ಇಲ್ಲ. ಟೆಕ್ಸಸ್ ಜನರ ಗಲಾಟೆ. ಮತ್ತೆ ಫೋನ್ ಮಾಡಿ ಮಾಟ್ ಅಂದರೆ ಆತನಿಗೆ ‘ಲಿನ್’ ಅಂತ ಕೇಳಿಸಿತು. ಅವತ್ತು ಆಡಿಸಲೇಬಾರದು ಅಂದುಕೊಂಡಿದ್ದ ಲಾನ್ಸ್ ಲಿನ್ ಬಂದು ನಿಂತ. ಮಾಟ್‌ಗೂ ಲಿನ್‌ಗೂ ಪ್ರಾಸ ಕೂಡ ಇಲ್ಲ. ಬಂದವನನ್ನು ಹಾಗೇ ಕಳಿಸೋಕಾಗುತ್ತಾ? ಬೇಕಂತಲೇ ಒಬ್ಬ ಬ್ಯಾಟರ್‌ಗೆ ವಾಕ್ (ಹೊಡೆಯದೆಯೇ ಮೊದಲ ಬೇಸ್) ಕೊಡಿಸಿ ಲಿನ್‌ನನ್ನು ಒಳಗೆ ಕಳಿಸಿದರು. ಅಷ್ಟರಲ್ಲಿ ಟೆಕ್ಸಸ್ ಮುಂದೆ ಹೋಗಿ ಆಗಿತ್ತು. ನನಗೆ ಈ ಇಡೀ ಆಟದಲ್ಲಿ ಇದಕ್ಕಿಂತ ಪ್ರೀತಿಯ ಘಟನೆ ಇಲ್ಲ. ಆಮೇಲೆ ಆ ಸಲದ ಕಪ್ಪು ಗೆದ್ದದ್ದೂ ಲಾ ರುಸ್ಸಾ ತಂಡವೇ.

ಕಿವಿ ಕೇಳಿಸದಿದ್ದರೆ ಕ್ಷಮಿಸಬಹುದು. ಕಣ್ಣೆದುರಿಗೆ ನಡೆಯೋದನ್ನು ನೋಡದಿದ್ದರೆ? 2020ರ ವರ್ಲ್ಡ್ ಸೀರೀಸ್, ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್‌ನ ಬ್ಲೇಕ್ ಸ್ನೆಲ್ ಎಸೆದದ್ದು 73 ಚೆಂಡು. 9 ಸ್ಟ್ರೈಕ್‌ಔಟ್ (ಬ್ಯಾಟರ್ ಹೊಡೆಯಲಾಗದೆ ಔಟ್), ಎರಡೇ ಹಿಟ್. ಮುಂದೆ ಬರಬೇಕಿದ್ದ, ಎದುರಾಳಿ ಡಾಜರ್ಸ್‌ನ ಮೂರು ಜನ ಅವತ್ತು ಅವನೆದುರು ಆರು ಸಲ ನಿಂತು ಆರು ಸಲವೂ ಸ್ಟ್ರೈಕ್‌ಔಟ್ ಆಗಿದ್ದರು. ಮ್ಯಾನೇಜರ್ ಕೆವಿನ್ ಕ್ಯಾಶ್ ಎದ್ದು ಬಂದು ಚೆಂಡು ಇಸಕೊಂಡರು. ಬ್ಯಾಟರ್‌ಗಳು ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸಿದಾಗ ಚೆನ್ನಾಗಿ ಹೊಡೆಯುತ್ತಾರೆ ಅಂತ ಅಂಕಿಅಂಶ ಹೇಳುತ್ತದೆ. ಸರಿ, ಹೇಳಲಿ. ಆದರೆ ಸ್ನೆಲ್ ಬದಲಿಗೆ ಬಂದ ನಿಕ್ ಆಂಡರ್ಸನ್ ತಾನು ಆಡಿದ ಹಿಂದಿನ ಆರು ಪಂದ್ಯಗಳಲ್ಲೂ ಪ್ರತಿ ಸಲ ರನ್ ಕೊಟ್ಟಿದ್ದ. ಅದೂ ಅಂಕಿಅಂಶವೇ ಅಲ್ವಾ? ಮೂಕಿ ಬೆಟ್ಸ್ ಡಬಲ್ ಹೊಡೆದ, ಒಂದು ಎಸೆತ ದಿಕ್ಕು ತಪ್ಪಿತು, ಡಾಜರ್ಸ್ ಮುಂದೆ ಹೋಯಿತು, ಕಪ್ಪೂ ಹೋಯಿತು. ಎರಡು ವಾರದಲ್ಲಿ ಕ್ಯಾಶ್ ಅವರಿಗೆ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಪ್ಲೇಆಫ್‌ಗೆ ಮೊದಲೇ ಮತ ಹಾಕಿರುತ್ತಾರೆ, ನಿಜ. ಆದರೂ.

ಅದೇ 2003ರಲ್ಲಿ ಬಾಸ್ಟನ್‌ನ ಗ್ರೇಡಿ ಲಿಟಲ್ ಸುಸ್ತಾಗಿದ್ದ ಪೆಡ್ರೊ ಮಾರ್ಟಿನೆಸ್‌ನ ಮುಖ ನೋಡಿ, ಅವನ ಮಾತು ನಂಬಿ, ಎಂಟನೇ ಇನ್ನಿಂಗ್ಸ್‌ನಲ್ಲಿ ಅವನನ್ನೇ ಉಳಿಸಿಕೊಂಡರು. 5-2 ಮುಂದಿದ್ದವರು ಸೋತರು. ಅದೇ ತಿಂಗಳು ಅವರ ಕೆಲಸ ಹೋಯಿತು. ಲಿಟಲ್ ಮಾಡಿದ್ದು ತಪ್ಪೇ, ಅವತ್ತು ಅಂಕಿಅಂಶವೇ ಸರಿ ಇತ್ತು. ಆದರೆ ಆಮೇಲೆ ಬಂದ ಮ್ಯಾನೇಜರ್‌ಗಳೆಲ್ಲ ಕಲಿತದ್ದೇನು? ನಿನ್ನ ಬುದ್ಧಿ ಓಡಿಸಿ ಸೋತರೆ ಕೆಲಸ ಹೋಗುತ್ತೆ, ಅಂಕಿಅಂಶದ ಪಟ್ಟಿ ನೋಡಿ ಸೋತರೆ ‘ಪ್ರೊಸೆಸ್ ಸರಿ ಇತ್ತು’ ಅಂತ ಮೇಲಿನವರು ಬೆನ್ನು ತಟ್ಟುತ್ತಾರೆ. ಬೆಳಿಗ್ಗೆ ಏಸಿ ರೂಮಿನಲ್ಲಿ ಯಾರೋ ಬರೆದಿಟ್ಟದ್ದನ್ನು ರಾತ್ರಿ ಬಂದು ಓದೋಕೆ ಈ ಮನುಷ್ಯ ಯಾಕೆ ಬೇಕು? ಯೂನಿಫಾರ್ಮ್ ಯಾಕೆ? ಆ ಪಿಚರ್ ಹುಡುಗ ಫೆಬ್ರವರಿಯಿಂದ ತೋಳು ಸವೆಸಿ ಆ ಒಂದು ರಾತ್ರಿಗೆ ಬಂದಿರುತ್ತಾನೆ. ಟಿಕೆಟ್‌ಗೆ ದುಡ್ಡು ಸುರಿದು ಜನ ಬಂದಿರುತ್ತಾರೆ. ಇವರಿಗೆ ಮಾತ್ರ ನಾಳೆಯ ಪ್ರೆಸ್‌ಮೀಟ್‌ನದೇ ಚಿಂತೆ. ಸಾಕಾಗಿದೆ ನೋಡಿ.

ಇನ್ನು ಡಾಜರ್ಸ್‌ನ ಡೇವ್ ರಾಬರ್ಟ್ಸ್. 2019ರಲ್ಲಿ ಕ್ಲೇಟನ್ ಕರ್ಶಾನನ್ನು ರಿಲೀವರ್ ಮಾಡಿ ಎಂಟನೇ ಇನ್ನಿಂಗ್ಸ್‌ನಲ್ಲೂ ಮುಂದುವರಿಸಿದರು, ಸಾಲಾಗಿ ಎರಡು ಹೋಮ್ ರನ್ ಬಿತ್ತು, ಊರೆಲ್ಲ ಬೈಯಿತು. 2025ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯಕ್ಕೆ ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದಿದ್ದ ಯೋಶಿನೊಬು ಯಮಾಮೊಟೊನನ್ನು ಮತ್ತೆ ಇಳಿಸಿದರು. ಯಾವ ಪಟ್ಟಿಯಲ್ಲೂ ಹಾಗೆ ಬರೆದಿರಲಿಕ್ಕಿಲ್ಲ. ಕಪ್ಪು ಬಂತು, ರಾಬರ್ಟ್ಸ್ ಮಹಾಜ್ಞಾನಿ ಆದರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸ್ಕೋರ್ ಸಮ, ಬೇಸ್‌ಗಳು ಭರ್ತಿ. ಆಂಡಿ ಪಾಹೆಸ್ ಗೋಡೆ ಹತ್ತಿರ ಸ್ವಂತ ತಂಡದವನ ಮೇಲೇ ಬಿದ್ದು ಕ್ಯಾಚ್ ಹಿಡಿದ. ಅದು ಕೈ ಜಾರಿದ್ದರೆ ಈ ಇಡೀ ಅಂಕಣ ರಾಬರ್ಟ್ಸ್ ಒಬ್ಬರಿಗೇ ಮೀಸಲಾಗುತ್ತಿತ್ತು.