ಯಾರದೋ ದುಡ್ಡು, ವಾಷಿಂಗ್ಟನ್ ಜಾತ್ರೆ

ಅಮೆರಿಕದ ಸರ್ಕಾರ ಹೋಟೆಲ್ ಮಾಣಿಗಳ ಕಣ್ಣೀರು ಒರೆಸಿದೆ. ಒರೆಸಿದ ಕರವಸ್ತ್ರ ಮಾತ್ರ ಗಿರಾಕಿಯದ್ದು. 2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆ ‘ದೊಡ್ಡ ಸುಂದರ’ ಮಸೂದೆಯ ಪ್ರಕಾರ, ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದರ ಹುಟ್ಟು ನಿಮಗೆ ನೆನಪಿರಬಹುದು. 2024ರ ಜೂನ್‌ನಲ್ಲಿ ಟ್ರಂಪ್ ಲಾಸ್ ವೇಗಸ್‌ನಲ್ಲಿ ಈ ಮಾತು ಕೊಟ್ಟರು; ಆಗಸ್ಟ್‌ನಲ್ಲಿ ಕಮಲಾ ಹ್ಯಾರಿಸ್ ಅದೇ ಊರಿಗೆ ಹೋಗಿ ಅದೇ ಮಾತು ಕೊಟ್ಟರು. ಕನಿಷ್ಠ ಕೂಲಿಯನ್ನೂ ಏರಿಸುತ್ತೇನೆ ಎಂದು ಒಂದು ಸಾಲು ಸೇರಿಸಿದ್ದರು. ಪಾಪ, ಸೋತರು.

ಮಾಣಿಗೆ ಮಾಲೀಕ ಕೊಡಬೇಕಾದ ಸಂಬಳದ ವಿಷಯಕ್ಕೆ ಮಾತ್ರ ಆ ಮಸೂದೆ ಕೈ ಹಾಕಲಿಲ್ಲ. ಕೇಂದ್ರದ ಕಾನೂನಿನಂತೆ ಅದು ಗಂಟೆಗೆ 2 ಡಾಲರ್ 13 ಸೆಂಟ್. 1991ರಲ್ಲಿ ನಿಗದಿಯಾದದ್ದು, ಇಂದಿಗೂ ಅಷ್ಟೇ. ಆ 13 ಸೆಂಟ್ ಎಲ್ಲಿಂದ ಬಂತೆಂದರೆ, ಆಗ ಸಾಮಾನ್ಯ ಕನಿಷ್ಠ ಕೂಲಿ 4 ಡಾಲರ್ 25 ಸೆಂಟ್ ಇತ್ತು. ಅದರ ಅರ್ಧ ಎರಡು ಡಾಲರ್ ಹನ್ನೆರಡೂವರೆ ಸೆಂಟ್. ಅರ್ಧ ಸೆಂಟನ್ನು ಮೇಲಕ್ಕೆ ಎತ್ತಿ ಪೂರ್ತಿ ಮಾಡಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಅಮೆರಿಕದ ಗಣತಂತ್ರ ಮಾಣಿಗೆ ತೋರಿದ ಔದಾರ್ಯದ ಒಟ್ಟು ಮೊತ್ತ ಆ ಅರ್ಧ ಸೆಂಟ್. ಧಾರಾಳ ಎಂದರೆ ಹೀಗಿರಬೇಕು.

ಉಳಿದವರ ಕನಿಷ್ಠ ಕೂಲಿ 7 ಡಾಲರ್ 25 ಸೆಂಟ್. ಅದು ಹೆಪ್ಪುಗಟ್ಟಿದ್ದು 2009ರಲ್ಲಿ. ಟಿಪ್ಸ್ ಸೇರಿಸಿಯೂ ಮಾಣಿಯ ಸಂಪಾದನೆ ಅಷ್ಟಾಗದಿದ್ದರೆ ಮಾಲೀಕ ತುಂಬಿಕೊಡಬೇಕು ಎನ್ನುತ್ತದೆ ಕಾನೂನು. ಇದನ್ನು ತಿರುಗಿಸಿ ಓದಿ. ಮೇಜಿನ ಮೇಲೆ ನೀವು ಬಿಟ್ಟು ಬರುವ ಟಿಪ್ಸ್‌ನಲ್ಲಿ ಗಂಟೆಯ ಮೊದಲ 5 ಡಾಲರ್ 12 ಸೆಂಟ್ ಉಳಿಸಿಕೊಡುವುದು ಮಾಲೀಕನ ಗಲ್ಲಾವನ್ನು. ಧನ್ಯವಾದ ಹೇಳುವುದು ಮಾತ್ರ ಮಾಣಿ.

ಈಗ ತೆರಿಗೆಯ ಲೆಕ್ಕ. ಗಂಟೆಗೆ 7.25ರಂತೆ, ವಾರಕ್ಕೆ ನಲವತ್ತು ಗಂಟೆ, ವರ್ಷವಿಡೀ ಒಂದು ದಿನವೂ ರಜೆ ಹಾಕದೆ ದುಡಿದರೆ 15,080 ಡಾಲರ್. ಒಂಟಿ ವ್ಯಕ್ತಿಗೆ 2025ರಲ್ಲಿ 15,750 ಡಾಲರ್‌ವರೆಗೆ ಹೇಗೂ ಆದಾಯ ತೆರಿಗೆ ಇಲ್ಲ. ಅಂದರೆ ಎಲ್ಲರಿಗಿಂತ ಕೆಳಗಿರುವವಳಿಗೆ (ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರೇ) ಈ ಮಹಾ ವಿನಾಯಿತಿಯಿಂದ ಉಳಿಯುವುದು ಸೊನ್ನೆ. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಹೆಸರಿನಲ್ಲಿ ಕಡಿತವಾಗುವ ಶೇ 7.65 ಟಿಪ್ಸ್‌ಗೂ ಮುಂಚಿನಂತೆಯೇ ಅನ್ವಯ.

ಹಾಗಾದರೆ ಲಾಭ ಯಾರಿಗೆ? ಖಜಾನೆ ಇಲಾಖೆ ಟಿಪ್ಸ್ ಪಡೆಯುವ ಕಸುಬುಗಳ ಪಟ್ಟಿಯನ್ನು ಹೊರಡಿಸಿತು. ಗಾಲ್ಫ್ ಆಟಗಾರರ ಚೀಲ ಹೊರುವವರು, ಹಚ್ಚೆ ಹಾಕುವವರು, ಕೊಳಾಯಿ ರಿಪೇರಿಯವರು, ಇಂಟರ್‌ನೆಟ್‌ನಲ್ಲಿ ವಿಡಿಯೊ ಹಾಕುವವರು ಎಲ್ಲರೂ ಅದರಲ್ಲಿದ್ದಾರೆ. ಹಚ್ಚೆಯವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹೋಟೆಲಿನ ಒಳಗೆ ಒಲೆಯ ಮುಂದೆ ಬೇಯುವ ಅಡುಗೆಯವನಿಗೆ ಟಿಪ್ಸ್ ಸಿಗದಿದ್ದರೆ, ಅಷ್ಟೇ ಸಂಪಾದಿಸಿದರೂ ಅವನು ಪೂರ್ತಿ ತೆರಿಗೆ ಕಟ್ಟಬೇಕು. ಅವನ ತಪ್ಪೆಂದರೆ ಸಂಬಳ ಪಡೆದದ್ದು.

ಮಗನ ಮನೆಗೆಂದು ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಈ ಟಿಪ್ಸ್ ಸಂಕಟ ಚೆನ್ನಾಗಿ ಗೊತ್ತು. ಕೌಂಟರಿನ ಹುಡುಗಿ ಒಂದು ಕಾಫಿ ಕೊಟ್ಟು ಪರದೆಯನ್ನು ನಿಮ್ಮತ್ತ ತಿರುಗಿಸುತ್ತಾಳೆ. ಶೇ 18, 20, 25. ‘ಏನೂ ಬೇಡ’ ಎನ್ನುವ ಗುಂಡಿ ಮೂಲೆಯಲ್ಲಿ ಅಪರಾಧಿಯಂತೆ ಕುಳಿತಿರುತ್ತದೆ. ಅಪ್ಪ ಡಾಲರನ್ನು ರೂಪಾಯಿಗೆ ಗುಣಿಸುತ್ತಾರೆ, ಅಮ್ಮ ಮುಖ ತಿರುಗಿಸುತ್ತಾರೆ, ಸಾಲಿನಲ್ಲಿ ಹಿಂದೆ ನಿಂತವನು ಕೆಮ್ಮುತ್ತಾನೆ. ಮಗ ಶೇ 20 ಒತ್ತುತ್ತಾನೆ. ‘ಮನೆಯಲ್ಲೇ ಮಾಡಿಕೊಡುತ್ತಿದ್ದೆನಲ್ಲೋ’ ಎಂಬ ಮಾತು ಕಾರಿನವರೆಗೂ ಹಿಂಬಾಲಿಸುತ್ತದೆ. ನಗು ಬರುತ್ತದೆ, ಸರಿ. ಆದರೆ ಆ ಪರದೆಯ ಮುಂದೆ ಹುಡುಗಿಯ ಸಂಬಳವನ್ನು ನಿರ್ಧರಿಸಬೇಕಾದ ಪ್ರಯಾಣಿಕ ತುಮಕೂರಿನ ನಿವೃತ್ತ ಮೇಷ್ಟ್ರು ಎಂಬುದು ಎಂಥ ಆರ್ಥಿಕ ನೀತಿ?

ಈ ಪದ್ಧತಿ ಬೇರು ಬಿಟ್ಟದ್ದು ಗುಲಾಮಗಿರಿ ಮುಗಿದ ಮೇಲೆ. ಪುಲ್‌ಮನ್ ಕಂಪನಿ ತನ್ನ ರೈಲುಗಳ ಸ್ಲೀಪರ್ ಬೋಗಿಗಳಿಗೆ ಬಿಡುಗಡೆಯಾದ ಕರಿಯರನ್ನು ಸೇರಿಸಿಕೊಂಡು, ಪುಡಿಗಾಸು ಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಮರ್ಜಿಗೆ ಬಿಟ್ಟಿತು. ಪ್ರಯಾಣಿಕರು ಅವರೆಲ್ಲರನ್ನೂ ಕಂಪನಿಯ ಧಣಿಯ ಹೆಸರಿನಿಂದ ‘ಜಾರ್ಜ್’ ಎಂದೇ ಕರೆಯುತ್ತಿದ್ದರು. 1938ರ ಕನಿಷ್ಠ ಕೂಲಿ ಕಾನೂನು ಹೋಟೆಲ್ ಕೆಲಸಗಾರರನ್ನು ಹೊರಗೇ ಬಿಟ್ಟಿತ್ತು. 1966ರಲ್ಲಿ ಒಳಗೆ ಕರೆದುಕೊಂಡಾಗ, ಅರ್ಧ ಕೂಲಿಯನ್ನು ಟಿಪ್ಸ್ ಲೆಕ್ಕಕ್ಕೆ ಹಾಕಿಕೊಳ್ಳಬಹುದು ಎಂಬ ಕಿಟಕಿಯನ್ನೂ ತೆರೆದಿಟ್ಟರು. 1996ರಲ್ಲಿ ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘ ಆ ಕಿಟಕಿಗೂ ಚಿಲಕ ಹಾಕಿಸಿತು. ಸಾಮಾನ್ಯ ಕೂಲಿ 5.15ಕ್ಕೆ ಏರಲಿ, ಮಾಣಿಯ 2.13 ಮಾತ್ರ ಕದಲಬಾರದು. ಸಹಿ ಹಾಕಿದವರು ಬಿಲ್ ಕ್ಲಿಂಟನ್.

ಅದೇ ಸಂಘದ ಚಾಣಾಕ್ಷತನಕ್ಕೆ ಕೈ ಮುಗಿಯಬೇಕು. ಅಡುಗೆಮನೆಯ ಶುಚಿತ್ವದ ಬಗ್ಗೆ ಆನ್‌ಲೈನ್ ತರಗತಿಯೊಂದನ್ನು ಅದು ನಡೆಸುತ್ತದೆ. ಹಲವು ರಾಜ್ಯಗಳಲ್ಲಿ ಅಂಥ ಪ್ರಮಾಣಪತ್ರ ಕಡ್ಡಾಯ. ಕೆಲಸಗಾರರು ಸುಮಾರು 15 ಡಾಲರ್ ತೆತ್ತು ಅದನ್ನು ಪಡೆಯುತ್ತಾರೆ. ಅವರ ಕೂಲಿ ಏರದಂತೆ ಲಾಬಿ ಮಾಡುವ ಸಂಘದ ಬೊಕ್ಕಸಕ್ಕೆ ಆ ಹಣ ಹೋಗುತ್ತಿತ್ತು ಎಂದು 2023ರಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ತನ್ನ ಕೈಗೆ ಬೇಡಿ ಹಾಕಿಸಿಕೊಳ್ಳಲು ತಾನೇ ಶುಲ್ಕ ಕಟ್ಟಿ, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರವನ್ನೂ ಪಡೆಯುವ ಭಾಗ್ಯ!

ವಾಷಿಂಗ್ಟನ್ ನಗರದ ಮತದಾರರು 2018ರಲ್ಲಿ ಈ ಎರಡು ಬಗೆಯ ಕೂಲಿ ಬೇಡ ಎಂದರು. ನಗರಸಭೆ ಅದನ್ನು ರದ್ದು ಮಾಡಿತು. 2022ರಲ್ಲಿ ಇನ್ನೊಮ್ಮೆ ಅಂದರು. 2025ರಲ್ಲಿ ನಗರಸಭೆ ಅದನ್ನೂ ಮೊಟಕುಗೊಳಿಸಿತು. ಹೋಟೆಲುಗಳು ಮುಚ್ಚಿಹೋಗುತ್ತವೆಯಂತೆ. ಕ್ಯಾಲಿಫೋರ್ನಿಯಾ, ಮಿನೆಸೊಟ, ಮೊಂಟಾನಾ ಸೇರಿ ಏಳು ರಾಜ್ಯಗಳಲ್ಲಿ ಮಾಣಿಗೂ ಪೂರ್ತಿ ಕನಿಷ್ಠ ಕೂಲಿ ಇದೆ. ಅಲ್ಲಿ ಜನ ಹಸಿದುಕೊಂಡು ಬೀದಿ ಅಲೆಯುತ್ತಿರುವ ಸುದ್ದಿ ಬಂದಿಲ್ಲ.

ಇಷ್ಟು ಹೊತ್ತು ತಮಾಷೆ ಮಾಡಿದ್ದಾಯಿತು, ಇನ್ನು ನನ್ನಿಂದಾಗದು. ಇದೇ ಮಸೂದೆ ಬಡವರ ಆಹಾರ ನೆರವಿಗೂ ಅವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೂ ಕತ್ತರಿ ಹಾಕಿದೆ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದೇ ಬಜೆಟ್ ಕಚೇರಿಯ ಅಂದಾಜಿನಂತೆ ಅತಿ ಕೆಳಗಿನ ಶೇ 10ರಷ್ಟು ಕುಟುಂಬಗಳು ವರ್ಷಕ್ಕೆ ಸರಾಸರಿ 1,200 ಡಾಲರ್ ಕಳೆದುಕೊಳ್ಳುತ್ತವೆ. ಅತಿ ಮೇಲಿನ ಶೇ 10ರಷ್ಟು ಕುಟುಂಬಗಳಿಗೆ 13,600 ಡಾಲರ್ ಹೆಚ್ಚು ಸಿಗುತ್ತದೆ. ಒಂದು ಕಡೆ ಊಟದ ತಟ್ಟೆ ಎಳೆದುಕೊಂಡು, ಇನ್ನೊಂದು ಕಡೆ ಮೂಗಿಗೆ ತುಪ್ಪ ಸವರಿ, ಫೋಟೊ ತೆಗೆಸಿಕೊಳ್ಳುವವರಿಗೆ ನಾಚಿಕೆ ಎಂಬುದು ಇರಬೇಡವೇ?

ತುಪ್ಪಕ್ಕೂ ವಾಯಿದೆ ಇದೆ. ಟಿಪ್ಸ್ ವಿನಾಯಿತಿ 2028ರ ಕೊನೆಗೆ ಮುಗಿಯುತ್ತದೆ. 1.5 ಕೋಟಿ ಡಾಲರ್‌ವರೆಗಿನ ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಬೇಡ ಎಂಬ ವಿನಾಯಿತಿಗೆ ಮಾತ್ರ ಕೊನೆಯ ದಿನಾಂಕ ಬರೆದಿಲ್ಲ.